ಮನೆಯ ಮೇಲ್ ಸರ್ವರ್‌ಗೆ ಸೇವಾದಾರರ ಮೂಲಕ ದಾರಿ

ಮನೆಯಲ್ಲಿ ಸದಾ ಚಾಲೂ ಇರುವ ಒಂದು ಸಣ್ಣ ಕಂಪ್ಯೂಟರಿನಲ್ಲಿ ಡೆಬಿಯನ್ ಲಿನಕ್ಸ್ ಮತ್ತು ಇಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ ಹಾಕಿಕೊಂಡು, ನನ್ನ ಡೊಮೇನಿನ ಇಮೇಲನ್ನು ನಾನೇ ನಿರ್ವಹಿಸಲು ಹೊರಟಾಗ, ಪತ್ರಗಳನ್ನು ಬರಮಾಡಿಕೊಳ್ಳುವ ಕೆಲಸ ಬೇಗ ಮುಗಿಯಿತು. ಡೊಮೇನ್ ನೋಂದಾಯಿಸಿದ ಕಡೆಯ ಅಂಚೆಪೆಟ್ಟಿಗೆಯಿಂದ ಫೆಚ್‌ಮೇಲ್ ಅವನ್ನು ತಂದು ಪೋಸ್ಟ್‌ಫಿಕ್ಸ್ ಕೈಗೆ ಕೊಡುತ್ತಿತ್ತು, ಅದು ಮನೆಮಂದಿಯ ಪೆಟ್ಟಿಗೆಗಳಿಗೆ ಹಂಚುತ್ತಿತ್ತು. ಕಳುಹಿಸುವ ಕೆಲಸ ಮಾತ್ರ ಮೊದಲ ಹೆಜ್ಜೆಯಲ್ಲೇ ನಿಂತಿತು. ಹೊರಗಿನ ಯಾವ ವಿಳಾಸಕ್ಕೆ ಬರೆದರೂ ಸರ್ವರ್ ತನ್ನ ಕೆಲಸವನ್ನು ಬರೆದಿಡುವ ಲಾಗ್‌ನಲ್ಲಿ ‘ಡಿಫರ್ಡ್’ (ಮುಂದೂಡಿದೆ) ಎಂಬ ಸ್ಥಿತಿಯೂ ಅದರ ಪಕ್ಕದಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ಎಂಬ ಕಾರಣವೂ ಕಾಣುತ್ತಿದ್ದವು, ಪತ್ರ ಸರದಿಯಲ್ಲೇ ಕುಳಿತಿರುತ್ತಿತ್ತು.

ಒಂದೇ ಊರಿನ ದಾರಿ ಕೆಟ್ಟಿದೆಯೋ ಎಲ್ಲ ದಾರಿಗಳೂ ಮುಚ್ಚಿವೆಯೋ ಎಂದು ತಿಳಿಯಲು, ಬೇರೆ ಬೇರೆ ಸಂಸ್ಥೆಗಳ ಮೇಲ್ ಸರ್ವರ್‌ಗಳಲ್ಲಿ ಪತ್ರ ಸಾಗಣೆಗಿರುವ ದ್ವಾರವಾದ 25ನೇ ಪೋರ್ಟಿಗೆ ಟೆಲ್‌ನೆಟ್ ಎಂಬ ಉಪಕರಣದಿಂದ ಸಂಪರ್ಕಿಸಿ ನೋಡಿದೆ. ಒಂದೂ ಓಗೊಡಲಿಲ್ಲ. 587ನೇ ಪೋರ್ಟಿಗೆ ಕೇಳಿದರೆ ತಕ್ಷಣ ‘220’ ಎಂಬ ಸ್ವಾಗತದ ಸಾಲು ಬರುತ್ತಿತ್ತು. ಮನೆಯ ಸಂಪರ್ಕದಿಂದ ಹೊರಹೋಗುವ 25ನೇ ಪೋರ್ಟನ್ನು ಇಂಟರ್‌ನೆಟ್ ಸೇವಾದಾರರೇ ಮುಚ್ಚಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಈ ತಡೆಯನ್ನು ಬೈಯುವವರಿದ್ದಾರೆ. ನನಗಂತೂ ಅದು ಸರಿಯಾದ ಕ್ರಮವೆಂದೇ ತೋರುತ್ತದೆ. ಮಾಲ್‌ವೇರ್ ಹೊಕ್ಕ ಮನೆಯ ಕಂಪ್ಯೂಟರುಗಳು ಮಾಲೀಕರಿಗೆ ಅರಿವಿಲ್ಲದಂತೆ ಸ್ಪ್ಯಾಮ್ ಸುರಿಯುವುದು ಇದೇ ಪೋರ್ಟಿನ ಮೂಲಕ. ಅಲ್ಲದೆ ತಡೆ ಇಲ್ಲದಿದ್ದರೂ ನನಗೆ ಹೆಚ್ಚಿನ ಲಾಭವಾಗುತ್ತಿರಲಿಲ್ಲ. ಮನೆಗಳಿಗೆ ಹಂಚುವ ಐಪಿ ವಿಳಾಸಗಳನ್ನು ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಾಲಿಸಿ ಬ್ಲಾಕ್ ಲಿಸ್ಟ್ ಎಂಬ, ನೇರವಾಗಿ ಪತ್ರ ಕಳುಹಿಸಬಾರದ ವಿಳಾಸಗಳ ಪಟ್ಟಿಗೆ ಎಷ್ಟೋ ವೇಳೆ ಸೇವಾದಾರರೇ ಸೇರಿಸಿರುತ್ತಾರೆ. ವಿಳಾಸದಿಂದ ಹೆಸರು ಹುಡುಕುವ ರಿವರ್ಸ್ ಡಿಎನ್‌ಎಸ್ ದಾಖಲೆಯೂ ನಮ್ಮ ಕೈಯಲ್ಲಿರುವುದಿಲ್ಲ. ಇವೆರಡನ್ನೂ ನೋಡುವ ದೊಡ್ಡ ಅಂಚೆ ಸೇವೆಗಳು ಇಂಥ ವಿಳಾಸದಿಂದ ನೇರವಾಗಿ ಬಂದ ಪತ್ರವನ್ನು ಬಾಗಿಲಲ್ಲೇ ತಿರುಗಿಸುತ್ತವೆ.

ಹಾಗಾಗಿ ಉಳಿದ ದಾರಿ ರಿಲೇ. ನನ್ನ ಸರ್ವರ್ ಎಲ್ಲ ಪತ್ರಗಳನ್ನೂ ಸೇವಾದಾರರ ಸರ್ವರ್‌ಗೆ ಒಪ್ಪಿಸುತ್ತದೆ, ಲೋಕಕ್ಕೆ ತಲುಪಿಸುವ ಹೊಣೆ ಅದರದಾಗುತ್ತದೆ. ಹೀಗೆ ಒಪ್ಪಿಸುವುದಕ್ಕೆಂದೇ 587ನೇ ಪೋರ್ಟ್ ಇದೆ. 1982ರಲ್ಲಿ ಇಮೇಲ್ ಸಾಗಣೆಯ ನಿಯಮವಾದ ಎಸ್‌ಎಂಟಿಪಿ ಶಿಷ್ಟತೆ ಪ್ರಕಟವಾದಾಗ ಬಳಕೆದಾರನು ಪತ್ರ ಕೊಡುವುದಕ್ಕೂ ಸರ್ವರ್‌ಗಳು ತಮ್ಮೊಳಗೆ ಸಾಗಿಸುವುದಕ್ಕೂ 25 ಒಂದೇ ಪೋರ್ಟ್ ಆಗಿತ್ತು. ಪತ್ರ ಒಪ್ಪಿಸುವ ಕೆಲಸಕ್ಕೆ 587 ಬೇರೆಯಾದದ್ದು 1998ರಲ್ಲಿ. ಆರಂಭದಿಂದಲೇ ಗೂಢಲಿಪಿಯಲ್ಲಿ ಮಾತನಾಡುವ 465ನೇ ಪೋರ್ಟಿಗೆ 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು. ನನ್ನ ಸೇವಾದಾರರ ಸಹಾಯಪುಟ 587ನ್ನೇ ಸೂಚಿಸಿತ್ತು. ಸರ್ವರ್ ಹೆಸರು, ಬಳಕೆದಾರ ಹೆಸರು, ಪಾಸ್‌ವರ್ಡ್, ಇಷ್ಟೇ ಅಲ್ಲಿದ್ದ ವಿವರ. ಇದು ಥಂಡರ್‌ಬರ್ಡ್‌ನಂಥ ತಂತ್ರಾಂಶ ಬಳಸುವವರಿಗಾಗಿ ಬರೆದದ್ದೇ ಹೊರತು ಮನೆಯಲ್ಲಿ ಸರ್ವರ್ ನಡೆಸುವವರಿಗಾಗಿ ಅಲ್ಲ. ಆದರೆ ರಿಲೇಯ ಕಣ್ಣಿಗೆ ಇಬ್ಬರೂ ಒಂದೇ, ಲಾಗಿನ್ ಆಗಿ ಪತ್ರ ಕೊಡುವ ಗ್ರಾಹಕರು.

ಪೋಸ್ಟ್‌ಫಿಕ್ಸ್‌ನ ಒಂದು ಸಾಲನ್ನೂ ಮುಟ್ಟುವ ಮೊದಲು ಆ ಸರ್ವರ್‌ನೊಂದಿಗೆ ಕೈಯಾರೆ ಮಾತನಾಡಿದೆ. ಇದನ್ನು ಹೊಸಬರೆಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ಪಾಸ್‌ವರ್ಡ್ ಸರಿಯಿದೆ ಎಂಬುದು ಮೊದಲೇ ಖಚಿತವಾಗಿದ್ದರೆ ಮುಂದೆ ಬರುವ ದೋಷಗಳನ್ನು ನಮ್ಮ ಸಂರಚನೆಯೊಳಗೇ ಹುಡುಕಬಹುದು. ಓಪನ್‌ಎಸ್‌ಎಸ್‌ಎಲ್‌ನ ‘ಎಸ್ ಕ್ಲೈಂಟ್’ ಎಂಬ ಉಪಕರಣಕ್ಕೆ ‘ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಂಟಿಪಿ’ ಎಂಬ ಆಯ್ಕೆ ಕೊಟ್ಟು 587ಕ್ಕೆ ಸಂಪರ್ಕಿಸಿದರೆ, ಅದು ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆಯನ್ನು ತಾನೇ ಸಿದ್ಧಪಡಿಸಿ ಕೀಲಿಮಣೆಯನ್ನು ನಮಗೆ ಬಿಡುತ್ತದೆ. ಅಲ್ಲಿ ‘ಇಎಚ್‌ಎಲ್‌ಒ’ ಎಂದು ಬರೆದಾಗ ಸರ್ವರ್ ತನಗೆ ಏನೇನು ಬರುತ್ತದೆ ಎಂಬ ಪಟ್ಟಿ ಕೊಟ್ಟಿತು, ಅದರಲ್ಲಿ ಲಾಗಿನ್ ಆಗಲು ‘ಪ್ಲೇನ್’, ‘ಲಾಗಿನ್’ ಎಂಬ ಎರಡು ವಿಧಾನಗಳಿವೆ ಎನ್ನುವ ‘ಆಥ್ ಪ್ಲೇನ್ ಲಾಗಿನ್’ ಎಂಬ ಸಾಲಿತ್ತು. ಗೂಢಲಿಪಿ ಇಲ್ಲದೆ ಸಂಪರ್ಕಿಸಿದಾಗ ಅದೇ ಪಟ್ಟಿಯಲ್ಲಿ ಆ ಸಾಲು ಇರಲಿಲ್ಲ. ಪಾಸ್‌ವರ್ಡ್ ತೆರೆದ ತಂತಿಯ ಮೇಲೆ ಹೋಗಲು ಈ ಸರ್ವರ್ ಬಿಡುವುದಿಲ್ಲ ಎಂದು ಇದರಿಂದ ತಿಳಿಯಿತು, ಸಮಾಧಾನವೂ ಆಯಿತು.

ಪ್ಲೇನ್ ವಿಧಾನದಲ್ಲಿ ಬಳಕೆದಾರ ಹೆಸರನ್ನೂ ಪಾಸ್‌ವರ್ಡನ್ನೂ ತಲಾ ಒಂದು ಶೂನ್ಯ ಅಕ್ಷರದ ಹಿಂದಿರಿಸಿ ಬೇಸ್64ಕ್ಕೆ ಪರಿವರ್ತಿಸಿ ಒಂದೇ ಸಾಲಾಗಿ ಕಳುಹಿಸಬೇಕು. ಬೇಸ್64 ನೋಡಲು ಗೂಢಲಿಪಿಯಂತಿದ್ದರೂ ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದಾದ ಬರಹ, ಆದ್ದರಿಂದ ಆ ಸಾಲನ್ನು ಸಹಾಯ ಕೇಳುವಾಗ ಯಾರಿಗೂ ಅಂಟಿಸಿ ಕಳುಹಿಸಬಾರದು. ಉತ್ತರವಾಗಿ ‘235’ ಬಂತು, ಲಾಗಿನ್ ಒಪ್ಪಿಗೆಯಾಯಿತು. ಮುಂದೆ ಪತ್ರ ಪಡೆಯುವವರ ವಿಳಾಸ ಕೊಡುವ ‘ಆರ್‌ಸಿಪಿಟಿ’ ಆಜ್ಞೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದರೆ ಈ ಉಪಕರಣ ವಿಚಿತ್ರವಾಗಿ ವರ್ತಿಸುತ್ತದೆ. ಸಾಲಿನ ಆರಂಭದ ದೊಡ್ಡ ‘ಆರ್’ ಅಕ್ಷರವನ್ನು ಅದು ಟಿಎಲ್‌ಎಸ್ ಮಾತುಕತೆಯನ್ನು ಹೊಸದಾಗಿ ನಡೆಸಬೇಕೆಂಬ ತನ್ನದೇ ಆಜ್ಞೆಯಾಗಿ ಓದಿಕೊಳ್ಳುತ್ತದೆ, ನಮ್ಮ ಸಾಲು ಸರ್ವರ್ ತಲುಪುವುದೇ ಇಲ್ಲ. ಎಸ್‌ಎಂಟಿಪಿ ಆಜ್ಞೆಗಳಿಗೆ ದೊಡ್ಡ ಸಣ್ಣ ಅಕ್ಷರಗಳ ಭೇದವಿಲ್ಲದ ಕಾರಣ ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಬರೆದರೆ ತೊಂದರೆ ತಪ್ಪುತ್ತದೆ.

ಇನ್ನು ಪೋಸ್ಟ್‌ಫಿಕ್ಸ್. ವೀಟ್ಸ ವೆನೆಮಾ ಅವರು ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಬಿಡುಗಡೆಯಾದ ಈ ತಂತ್ರಾಂಶದ ದೊಡ್ಡ ಗುಣವೆಂದರೆ ಅದರ ‘ಮೇನ್.ಸಿಎಫ್’ ಎಂಬ ಸೆಟ್ಟಿಂಗ್ ಕಡತವನ್ನು ಮನುಷ್ಯರು ಓದಬಹುದು. ಕೆಳಗೆ ಹೇಳುವ ಸೆಟ್ಟಿಂಗ್‌ಗಳ ಹೆಸರುಗಳಲ್ಲಿ ಪದಗಳ ನಡುವೆ ಅಡಿಗೆರೆ ಇದೆಯೆಂದು ತಿಳಿದುಕೊಳ್ಳಬೇಕು. ಮೊದಲನೆಯದು ‘ರಿಲೇಹೋಸ್ಟ್’. ಇಲ್ಲಿ ಸೇವಾದಾರರ ಸರ್ವರ್ ಹೆಸರನ್ನು ಚೌಕ ಆವರಣದೊಳಗಿಟ್ಟು, ಮುಂದೆ ವಿವರಣ ಚಿಹ್ನೆ ಹಾಕಿ 587 ಎಂದು ಬರೆದೆ. ಚೌಕ ಆವರಣ ಅಲಂಕಾರಕ್ಕಲ್ಲ. ಅದು ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿನ ಎಂಎಕ್ಸ್ ದಾಖಲೆಯನ್ನು ಹುಡುಕಿ, ಒಳಬರುವ ಪತ್ರ ಸ್ವೀಕರಿಸುವ ಬೇರೆಯೇ ಸರ್ವರ್‌ನ ಬಾಗಿಲು ತಟ್ಟಬಹುದು. ಆವರಣವಿದ್ದರೆ ಬರೆದ ಹೆಸರಿನ ಸರ್ವರ್‌ಗೇ ನೇರವಾಗಿ ಹೋಗುತ್ತದೆ.

ಪಾಸ್‌ವರ್ಡ್ ಇಡುವ ಕಡತ ಬೇರೆ. ಅದರ ಪ್ರತಿ ಸಾಲಿನ ಎಡಕ್ಕೆ ರಿಲೇಯ ಹೆಸರು, ಬಲಕ್ಕೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್. ಎಡಗಡೆಯ ಹೆಸರು ರಿಲೇಹೋಸ್ಟ್‌ನಲ್ಲಿ ಬರೆದಂತೆಯೇ ಆವರಣ, ಪೋರ್ಟ್ ಸಹಿತ ಇರಬೇಕು. ಆವರಣವನ್ನು ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ಪೋಸ್ಟ್‌ಫಿಕ್ಸ್‌ಗೆ ಪಾಸ್‌ವರ್ಡ್ ಸಿಗದೆ, ಅದು ಲಾಗಿನ್ ಆಗದೆಯೇ ಪತ್ರ ಕೊಡಲು ಹೋಗುತ್ತದೆ. ಕಡತವನ್ನು ರೂಟ್ ಬಳಕೆದಾರನಷ್ಟೇ ಓದುವಂತೆ 600 ಅನುಮತಿ ಕೊಟ್ಟು, ‘ಪೋಸ್ಟ್‌ಮ್ಯಾಪ್’ ಆಜ್ಞೆಯಿಂದ ಹುಡುಕುಪಟ್ಟಿಯಾಗಿ ಪರಿವರ್ತಿಸಿದೆ. ಪರಿವರ್ತಿತ ಕಡತದಲ್ಲೂ ಪಾಸ್‌ವರ್ಡ್ ಹಾಗೇ ಇರುವುದರಿಂದ ಅದರ ಅನುಮತಿಯನ್ನೂ ನೋಡಿಕೊಳ್ಳಬೇಕು. ರಿಲೇಗೆ ಲಾಗಿನ್ ಆಗಲು ಹೇಳುವ ‘ಎಸ್‌ಎಂಟಿಪಿ ಸ್ಯಾಸಲ್ ಆಥ್ ಎನೇಬಲ್’ ಎಂಬುದಕ್ಕೆ ‘ಯೆಸ್’ ಹಾಕಿ, ಪಾಸ್‌ವರ್ಡ್ ಕಡತದ ಜಾಗವನ್ನೂ ತೋರಿಸಿದ ಮೇಲೆ ಲಾಗ್‌ನಲ್ಲಿ ‘ನೋ ಮೆಕ್ಯಾನಿಸಂ ಅವೈಲಬಲ್’ ಎಂದು ಬಂತು. ಈ ಸಾಲಿಗೆ ಡೆಬಿಯನ್‌ನಲ್ಲಿ ಎರಡು ಕಾರಣಗಳಿರಬಹುದು, ಎರಡನ್ನೂ ನೋಡಬೇಕಾಯಿತು. ಮೊದಲನೆಯದು, ಲಾಗಿನ್ ವಿಧಾನಗಳನ್ನು ಒದಗಿಸುವ ‘ಲಿಬ್‌ಸ್ಯಾಸಲ್2 ಮಾಡ್ಯೂಲ್ಸ್’ ಎಂಬ ಪ್ಯಾಕೇಜ್ ಪೋಸ್ಟ್‌ಫಿಕ್ಸ್ ಜೊತೆಗೆ ತಾನಾಗಿ ಬಂದಿರದಿರಬಹುದು. ಎರಡನೆಯದು ಪೋಸ್ಟ್‌ಫಿಕ್ಸ್‌ನ ಮೂಲ ನಿಯಮ. ಪ್ಲೇನ್ ಮತ್ತು ಲಾಗಿನ್ ಎರಡೂ ಪಾಸ್‌ವರ್ಡನ್ನು ಇದ್ದಂತೆಯೇ ಕಳುಹಿಸುವ ವಿಧಾನಗಳಾದ್ದರಿಂದ ಅವನ್ನು ಬಳಸಬಾರದೆಂದು ಅದು ಮೊದಲಿನಿಂದಲೇ ತೀರ್ಮಾನಿಸಿಕೊಂಡಿರುತ್ತದೆ.

ಈ ಎರಡನೆಯದಕ್ಕೆ ಎಲ್ಲರೂ ಹೇಳಿಕೊಡುವ ಪರಿಹಾರ ‘ಎಸ್‌ಎಂಟಿಪಿ ಸ್ಯಾಸಲ್ ಸೆಕ್ಯುರಿಟಿ ಆಪ್ಷನ್ಸ್’ ಸಾಲನ್ನು ಸಡಿಲಿಸಿ ‘ನೋಅನಾನಿಮಸ್’ (ಹೆಸರಿಲ್ಲದ ಲಾಗಿನ್ ಬೇಡ) ಎಂದಷ್ಟೇ ಇಡುವುದು. ನಾನು ಹಾಗೆ ಮಾಡಲಿಲ್ಲ. ಅದರ ಜೋಡಿಯಾಗಿ, ಹೆಸರಿನ ನಡುವೆ ‘ಟಿಎಲ್‌ಎಸ್’ ಇರುವ ಇನ್ನೊಂದು ಸಾಲಿದೆ. ಅದು ಗೂಢಲಿಪಿಯ ಸಂಪರ್ಕಕ್ಕೆ ಮಾತ್ರ ಅನ್ವಯಿಸುತ್ತದೆ. ಅದನ್ನು ಮಾತ್ರ ಸಡಿಲಿಸಿ ಮೊದಲನೆಯದನ್ನು ಇದ್ದ ಹಾಗೆಯೇ ಬಿಟ್ಟರೆ, ಗೂಢಲಿಪಿ ಇಲ್ಲದ ಸಂಪರ್ಕದಲ್ಲಿ ಪಾಸ್‌ವರ್ಡ್ ಎಂದಿಗೂ ಹೊರಡುವುದಿಲ್ಲ. ಇದೇ ಎಚ್ಚರದಿಂದ ‘ಎಸ್‌ಎಂಟಿಪಿ ಟಿಎಲ್‌ಎಸ್ ಸೆಕ್ಯುರಿಟಿ ಲೆವೆಲ್’ ಅನ್ನೂ ಆರಿಸಿದೆ. ‘ಮೇ’ ಎಂದರೆ ಎದುರಿನವರು ಕೊಟ್ಟರೆ ಗೂಢಲಿಪಿ, ಕೊಡದಿದ್ದರೆ ಬರಿಯ ಪಠ್ಯ. ‘ಎನ್‌ಕ್ರಿಪ್ಟ್’ ಎಂದರೆ ಗೂಢಲಿಪಿ ಕಡ್ಡಾಯ, ಆದರೆ ಎದುರಿನವರ ಪ್ರಮಾಣಪತ್ರ ಯಾರದೆಂದು ಕೇಳುವುದಿಲ್ಲ. ‘ಸೆಕ್ಯೂರ್’ ಎಂದರೆ ಪ್ರಮಾಣಪತ್ರದ ಹೆಸರು ನಾವು ಬರೆದ ಸರ್ವರ್ ಹೆಸರಿಗೆ ಹೊಂದಲೇಬೇಕು. ಲೋಕದ ಎಲ್ಲ ಸರ್ವರ್‌ಗಳ ಜೊತೆ ನೇರವಾಗಿ ವ್ಯವಹರಿಸುವವರಿಗೆ ಕೊನೆಯದು ಆಗದ ಮಾತು, ಅವರಲ್ಲಿ ಎಷ್ಟೋ ಮಂದಿಯ ಪ್ರಮಾಣಪತ್ರ ಸರಿಯಿರುವುದಿಲ್ಲ. ನನ್ನ ಸರ್ವರ್ ಮಾತನಾಡುವುದು ಒಂದೇ ಒಂದು ಸರ್ವರ್ ಜೊತೆಗೆ, ಅದರ ಹೆಸರನ್ನು ಬರೆದವನೂ ನಾನೇ. ಪಾಸ್‌ವರ್ಡ್ ಒಪ್ಪಿಸುವಾಗ ಎದುರಿರುವವರು ಯಾರೆಂದು ಖಚಿತಪಡಿಸಿಕೊಳ್ಳದಿರಲು ಇಲ್ಲಿ ಕಾರಣವೇ ಇಲ್ಲ. ನಂಬಿಕೆಯ ಪ್ರಮಾಣಪತ್ರಗಳ ಕಡತವನ್ನು ತೋರಿಸಿ, ಟಿಎಲ್‌ಎಸ್ ಲಾಗ್ ಮಟ್ಟವನ್ನು 1ಕ್ಕೆ ಏರಿಸಿದ ಮೇಲೆ ‘ವೆರಿಫೈಡ್ ಟಿಎಲ್‌ಎಸ್ ಕನೆಕ್ಷನ್’ ಎಂಬ ಸಾಲು ಕಾಣಿಸಿತು.

ಸಂಪರ್ಕ, ಲಾಗಿನ್ ಎಲ್ಲ ಸರಿಹೋದರೂ ಪತ್ರ ಹೋಗಲಿಲ್ಲ. ಈ ಬಾರಿ ರಿಲೇಯೇ ‘553’ ಎಂದು ಉತ್ತರಿಸಿ, ಕಳುಹಿಸುವವರ ವಿಳಾಸ ಈ ಖಾತೆಗೆ ಸೇರಿದ್ದಲ್ಲ ಎಂದಿತು. ರಿಲೇ ಹೊಂದಿಸುವುದೆಂದರೆ ಮೇಲಿನ ಕೆಲವು ಸಾಲುಗಳು ಎಂದುಕೊಳ್ಳುವವರಿಗೆ ನಿಜವಾದ ಕೆಲಸ ಎದುರಾಗುವುದು ಇಲ್ಲಿ, ಪತ್ರ ಯಾರ ಹೆಸರಿನಲ್ಲಿ ಹೊರಡಬೇಕು ಎಂಬ ಪ್ರಶ್ನೆಯಲ್ಲಿ. ಇಮೇಲಿಗೂ ಅಂಚೆಯ ಕಾಗದದಂತೆ ಲಕೋಟೆ ಬೇರೆ, ಒಳಗಿನ ಪತ್ರ ಬೇರೆ. ಸರ್ವರ್‌ಗಳು ತಮ್ಮೊಳಗೆ ಹೇಳಿಕೊಳ್ಳುವ ಕಳುಹಿಸಿದವರ ವಿಳಾಸ ಲಕೋಟೆಯದು. ಓದುಗರು ಕಾಣುವ ‘ಫ್ರಂ’ ಹೆಡರ್, ಎಂದರೆ ತಲೆಸಾಲು, ಒಳಗಿನ ಪತ್ರದ್ದು. ನನ್ನ ಸೇವಾದಾರರ ನಿಯಮ ಲಕೋಟೆಗೆ ಮಾತ್ರ ಸಂಬಂಧಿಸಿತ್ತು. ಲಕೋಟೆಯ ಮೇಲೆ ಅವರು ಕೊಟ್ಟ ಖಾತೆಯ ವಿಳಾಸವೇ ಇರಬೇಕು, ಫ್ರಂ ಹೆಡರ್‌ನಲ್ಲಿ ನನ್ನ ಡೊಮೇನಿನ ವಿಳಾಸವಿದ್ದರೆ ಅಡ್ಡಿಯಿಲ್ಲ. ಬೇರೆ ಸೇವಾದಾರರು ಎರಡನ್ನೂ ಬಿಗಿಹಿಡಿಯಬಹುದು, ಆಗ ಸ್ವಂತ ಡೊಮೇನಿನ ಪತ್ರಕ್ಕೆ ಈ ದಾರಿ ಆಗಿಬರುವುದಿಲ್ಲ.

ವಿಳಾಸ ಬದಲಿಸಲು ಹಲವರು ಬಳಸುವುದು ‘ಎಸ್‌ಎಂಟಿಪಿ ಜೆನೆರಿಕ್ ಮ್ಯಾಪ್ಸ್’. ಅದು ಲಕೋಟೆಯನ್ನೂ ಹೆಡರನ್ನೂ ಒಟ್ಟಿಗೆ ತಿದ್ದುತ್ತದೆ, ತಿದ್ದುವುದೂ ಪತ್ರ ಹೊರಡುವ ಕೊನೆಯ ಗಳಿಗೆಯಲ್ಲಿ. ಇದರಿಂದ ನನಗೆ ಎರಡು ತೊಡಕು. ಫ್ರಂ ಹೆಡರ್ ಬದಲಾದರೆ ಸ್ವಂತ ಡೊಮೇನ್ ಇಟ್ಟುಕೊಂಡದ್ದಕ್ಕೇ ಅರ್ಥವಿಲ್ಲ. ಜೊತೆಗೆ ಪತ್ರ ನನ್ನ ಡೊಮೇನಿನದೇ ಎಂದು ತೋರಿಸಲು ಮನೆಯ ಸರ್ವರ್‌ನಲ್ಲಿ ಹಾಕಿದ ಡಿಕಿಮ್ ಎಂಬ ಡಿಜಿಟಲ್ ಸಹಿ ಆ ಹೆಡರನ್ನೂ ಒಳಗೊಂಡಿರುವುದರಿಂದ, ಸಹಿಯಾದ ಮೇಲೆ ತಿದ್ದಿದರೆ ಸಹಿ ಅಸಿಂಧುವಾಗುತ್ತದೆ. ಆದ್ದರಿಂದ ‘ಸೆಂಡರ್ ಕೆನಾನಿಕಲ್ ಮ್ಯಾಪ್ಸ್’ ಹಿಡಿದು, ‘ಸೆಂಡರ್ ಕೆನಾನಿಕಲ್ ಕ್ಲಾಸಸ್’ನಲ್ಲಿ ‘ಎನ್ವಲಪ್ ಸೆಂಡರ್’ ಒಂದನ್ನೇ ಉಳಿಸಿದೆ. ಈಗ ಲಕೋಟೆ ಮಾತ್ರ ಬದಲಾಗುತ್ತದೆ. ನಕ್ಷೆಯಲ್ಲಿ ನನ್ನ ಡೊಮೇನಿನ ವಿಳಾಸಗಳಿಗಷ್ಟೇ ಖಾತೆಯ ವಿಳಾಸ ತೋರಿಸಿದ್ದೇನೆ. ಎಲ್ಲ ವಿಳಾಸಗಳಿಗೂ ಅನ್ವಯಿಸಿದರೆ ಫೆಚ್‌ಮೇಲ್ ತರುವ ಪತ್ರಗಳ ಲಕೋಟೆಯೂ ನನ್ನದೇ ಹೆಸರಿಗೆ ತಿರುಗುತ್ತದೆ. ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಂಥ ವ್ಯವಸ್ಥೆಯ ಪತ್ರಗಳು ಡೊಮೇನಿಲ್ಲದ ‘ರೂಟ್’ ಎಂಬ ಬರಿಯ ಹೆಸರಿನಲ್ಲಿ ಹುಟ್ಟುತ್ತವಾದ್ದರಿಂದ, ‘ಮೈಒರಿಜಿನ್’ ಸಾಲಿನಲ್ಲಿ ನನ್ನ ಡೊಮೇನ್ ಬರೆದು ಅವಕ್ಕೂ ಒಂದು ಊರು ಕೊಟ್ಟೆ.

ಪಡೆಯುವವರ ಸರ್ವರ್ ಇದನ್ನು ಹೇಗೆ ಕಾಣುತ್ತದೆ ಎಂಬುದೂ ಮುಖ್ಯ. ಡೊಮೇನಿನ ಪರವಾಗಿ ಕಳುಹಿಸಲು ಈ ಸರ್ವರ್‌ಗೆ ಅನುಮತಿ ಇದೆಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್ ನೋಡುವುದು ಲಕೋಟೆಯ ಡೊಮೇನನ್ನು. ಅದು ಸೇವಾದಾರರದು, ಕಳುಹಿಸುತ್ತಿರುವುದೂ ಅವರ ಸರ್ವರ್, ಹಾಗಾಗಿ ಪರೀಕ್ಷೆ ಪಾಸಾಗುತ್ತದೆ. ಆದರೆ ಎಸ್‌ಪಿಎಫ್, ಡಿಕಿಮ್ ಎರಡನ್ನೂ ಬಳಸುವ ಡಿಮಾರ್ಕ್ ಎಂಬ ಪರೀಕ್ಷೆ ಕೇಳುವುದು ಫ್ರಂ ಹೆಡರ್‌ನ ಡೊಮೇನಿಗೆ ಹೊಂದುವ ಸಾಕ್ಷಿಯನ್ನು. ಎಸ್‌ಪಿಎಫ್ ಬೇರೆ ಡೊಮೇನಿನದಾದ ಕಾರಣ ಅಲ್ಲಿ ನಡೆಯುವುದಿಲ್ಲ, ನಡೆಯುವುದು ನನ್ನ ಡೊಮೇನಿನ ಡಿಕಿಮ್ ಸಹಿಯೊಂದೇ. ರಿಲೇ ಮಾಡಿದರೂ ಆ ಸಹಿ ಕೆಡುವುದಿಲ್ಲ, ನಡುವಿನ ಸರ್ವರ್ ಪತ್ರದ ಒಡಲನ್ನೂ ಸಹಿಯಾದ ಹೆಡರುಗಳನ್ನೂ ಮುಟ್ಟದಿದ್ದರೆ ಸಾಕು. ಸಹಿ ಹಾಕುವ ಓಪನ್‌ಡಿಕಿಮ್ ಅಳವಡಿಸಿ ಅದರ ಸಾರ್ವಜನಿಕ ಕೀಲಿಯನ್ನು ಡಿಎನ್‌ಎಸ್‌ಗೆ ಸೇರಿಸಿದ್ದು ಈ ಲೆಕ್ಕಾಚಾರದಿಂದ. ಬೇರೊಂದು ಅಂಚೆ ಸೇವೆಯಲ್ಲಿರುವ ನನ್ನದೇ ಖಾತೆಗೆ ಪತ್ರ ಕಳುಹಿಸಿ, ಅಲ್ಲಿ ‘ಆಥೆಂಟಿಕೇಶನ್ ರಿಸಲ್ಟ್ಸ್’ ಹೆಡರ್ ತೆರೆದು ನೋಡಿದಾಗ ಮೂರೂ ‘ಪಾಸ್’ ಎಂದಿದ್ದವು.

ಅಷ್ಟರಲ್ಲಿ ಸರದಿಯಲ್ಲಿ ಹಳೆಯ ಪತ್ರಗಳು ಉಳಿದಿದ್ದವು. ‘ಪೋಸ್ಟ್‌ಕ್ಯೂ’ಗೆ ಎಫ್ ಆಯ್ಕೆ ಕೊಟ್ಟರೆ ಅವೆಲ್ಲವನ್ನೂ ಕೂಡಲೇ ಮತ್ತೆ ಕಳುಹಿಸಲು ಪ್ರಯತ್ನಿಸುತ್ತದೆ, ಆದರೆ ಹಳೆಯ ಲಕೋಟೆಯೊಂದಿಗೇ, ಉತ್ತರವೂ ಅದೇ 553. ಅವನ್ನು ಹೊಸ ನಿಯಮಗಳಿಗೆ ಒಳಪಡಿಸಬೇಕಾದರೆ ‘ಪೋಸ್ಟ್‌ಸೂಪರ್’ಗೆ ಆರ್ ಆಯ್ಕೆ ಮತ್ತು ‘ಆಲ್’ ಕೊಟ್ಟು ಮರುಸರದಿ ಮಾಡಬೇಕು. ಆಗ ಪ್ರತಿಯೊಂದು ಪತ್ರವೂ ಹೊಸದಾಗಿ ಬಂದಂತೆ ವಿಳಾಸ ತಿದ್ದುವ ಹಂತವನ್ನು ಮತ್ತೆ ಹಾದು ಬರುತ್ತದೆ.

ಎಲ್ಲ ಸುಸೂತ್ರವಾದ ಮೇಲೆ ಲಾಗ್‌ನಲ್ಲಿ ‘ಸೆಂಟ್’ ಎಂದು ಕಾಣುತ್ತದಲ್ಲ, ಅದರ ಅರ್ಥ ಮೊದಲಿನಷ್ಟು ದೊಡ್ಡದಲ್ಲ. ನೇರವಾಗಿ ಕಳುಹಿಸುವ ಸರ್ವರ್‌ನಲ್ಲಿ ಅದು ಪತ್ರ ಎದುರಿನ ಊರು ಮುಟ್ಟಿತು ಎಂಬ ಮಾತು. ರಿಲೇ ಇರುವಲ್ಲಿ, ಸೇವಾದಾರರ ಸರದಿಗೆ ಸೇರಿತು ಎಂಬಷ್ಟೇ ಮಾತು. ಅಲ್ಲಿಂದ ಮುಂದೆ ಏನಾಯಿತೆಂದು ನನ್ನ ಲಾಗ್‌ಗೆ ಗೊತ್ತಾಗುವುದಿಲ್ಲ. ವಿಳಾಸ ಇಲ್ಲವೆಂದೋ ಪೆಟ್ಟಿಗೆ ತುಂಬಿದೆಯೆಂದೋ ಪತ್ರ ಹಿಂದಿರುಗಿದರೆ ಆ ಸುದ್ದಿ ಹೋಗುವುದು ಲಕೋಟೆಯ ಮೇಲಿರುವ ವಿಳಾಸಕ್ಕೆ, ಎಂದರೆ ಸೇವಾದಾರರು ಕೊಟ್ಟ, ಹೆಚ್ಚಿನವರು ಎಂದೂ ತೆರೆದು ನೋಡದ ಆ ಅಂಚೆಪೆಟ್ಟಿಗೆಗೆ. ಫೆಚ್‌ಮೇಲ್ ಕಡತಕ್ಕೆ ಆ ಪೆಟ್ಟಿಗೆಯನ್ನೂ ಸೇರಿಸಿದೆ. ರಿಲೇ ಬಳಸುವವರು ಇದೊಂದನ್ನು ಮರೆತರೆ ತಮ್ಮ ಪತ್ರಗಳೆಲ್ಲ ತಲುಪುತ್ತಿವೆ ಎಂಬ ಭ್ರಮೆಯಲ್ಲಿ ವರ್ಷಗಟ್ಟಲೆ ಇರಬಹುದು.

ಡೆಬಿಯನ್ ಬಳಸುವವರಿಗೆ ಒಂದು ಮಾತು. ಅಲ್ಲಿ ಪೋಸ್ಟ್‌ಫಿಕ್ಸ್‌ನ ಕೆಲವು ಭಾಗಗಳು ಕ್ರೂಟ್ ಎಂಬ ಪ್ರತ್ಯೇಕಿತ ಡೈರೆಕ್ಟರಿಯೊಳಗೆ ನಡೆಯುವಂತೆ ಹೊಂದಿಸಿದ್ದರೆ, ಡಿಎನ್‌ಎಸ್ ವಿಳಾಸ ಹೇಳುವ ‘ರಿಸಾಲ್ವ್.ಕಾನ್ಫ್’ ಕಡತದ ನಕಲೊಂದು ಆ ಡೈರೆಕ್ಟರಿಯೊಳಗಿರುತ್ತದೆ. ರೂಟರ್ ಬದಲಾಗಿ ಮೂಲ ಕಡತ ಬದಲಾದರೂ ನಕಲು ಹಳೆಯದೇ ಉಳಿದರೆ, ಕಂಪ್ಯೂಟರಿನ ಉಳಿದೆಲ್ಲ ತಂತ್ರಾಂಶಗಳಿಗೂ ಸಿಗುವ ರಿಲೇಯ ಹೆಸರು ಪೋಸ್ಟ್‌ಫಿಕ್ಸ್‌ಗೆ ಮಾತ್ರ ಸಿಗುವುದಿಲ್ಲ. ‘ಪೋಸ್ಟ್‌ಫಿಕ್ಸ್ ಚೆಕ್’ ಎಂಬ ಆಜ್ಞೆ ಈ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ.

ಪಾಸ್‌ವರ್ಡ್ ಸರ್ವರ್‌ನಲ್ಲಿರುವುದರಿಂದ, ಅದಕ್ಕೆ ಪತ್ರ ಕೊಡಬಲ್ಲ ಯಾರೇ ಆಗಲಿ ನನ್ನ ಖಾತೆಯ ಹೆಸರಿನಲ್ಲಿ ಲೋಕಕ್ಕೆಲ್ಲ ಪತ್ರ ಕಳುಹಿಸಬಲ್ಲರು. ಮನೆಯ ಜಾಲದ ಟಿವಿ, ಕ್ಯಾಮೆರಾ, ಅತಿಥಿಗಳ ಫೋನುಗಳಿಗೆಲ್ಲ ಈ ಹಕ್ಕು ಕೊಡಲು ನನಗೆ ಇಷ್ಟವಿರಲಿಲ್ಲ. ಲಾಗಿನ್ ಇಲ್ಲದೆ ಪತ್ರ ಕೊಡಬಹುದಾದ ವಿಳಾಸಗಳ ಪಟ್ಟಿಯಾದ ‘ಮೈನೆಟ್‌ವರ್ಕ್ಸ್’ನಲ್ಲಿ ಸರ್ವರ್‌ನ ಸ್ವಂತ ವಿಳಾಸವನ್ನಷ್ಟೇ ಉಳಿಸಿ, ಮನೆಯವರ ಸಾಧನಗಳು ಹೆಸರು, ಪಾಸ್‌ವರ್ಡ್ ಕೊಟ್ಟು 587ರಲ್ಲೇ ಬರಬೇಕೆಂದು ಹೊಂದಿಸಿದೆ. ಸೇವಾದಾರರು ಒಂದು ಖಾತೆಯಿಂದ ಹೋಗುವ ಪತ್ರಗಳಿಗೆ ಮಿತಿ ಇಟ್ಟಿರುವುದರಿಂದ ಕೆಟ್ಟು ಕುಣಿಯುವ ಒಂದು ಸ್ಕ್ರಿಪ್ಟ್ ಇಡೀ ಮನೆಯ ಅಂಚೆಯನ್ನು ನಿಲ್ಲಿಸಬಲ್ಲದು. ‘ಎಸ್‌ಎಂಟಿಪಿ ಡೆಸ್ಟಿನೇಶನ್ ರೇಟ್ ಡಿಲೇ’ಗೆ ಒಂದು ಸೆಕೆಂಡ್ ಕೊಟ್ಟರೆ ಸುರಿಮಳೆ ಹನಿಯಾಗಿ ಹೋಗುತ್ತದೆ.

ಕೊನೆಗೆ ಉಳಿದದ್ದು ರಿಲೇಯೇ ಕೈಕೊಟ್ಟಾಗಿನ ಎಚ್ಚರಿಕೆ. ಪೋಸ್ಟ್‌ಫಿಕ್ಸ್ ತಾನಾಗಿ ಮೊದಲು 300 ಸೆಕೆಂಡಿಗೆ, ಆಮೇಲೆ ಅಂತರ ಹೆಚ್ಚಿಸುತ್ತ ಗರಿಷ್ಠ 4000 ಸೆಕೆಂಡಿಗೊಮ್ಮೆ ಮರಳಿ ಪ್ರಯತ್ನಿಸುತ್ತದೆ, 5 ದಿನಗಳಾದ ಮೇಲೆ ಕೈಬಿಟ್ಟು ಪತ್ರವನ್ನು ಹಿಂದಿರುಗಿಸುತ್ತದೆ. ಅಲ್ಲಿಯವರೆಗೂ ಬಾಯಿ ಬಿಡುವುದಿಲ್ಲ. ರಿಲೇಯ ಪಾಸ್‌ವರ್ಡ್ ಬದಲಿಸಿ ಪೋಸ್ಟ್‌ಮ್ಯಾಪ್ ಓಡಿಸುವುದನ್ನು ಬಿಟ್ಟರೂ ಇದೇ ಗತಿ. ‘ಡಿಲೇ ವಾರ್ನಿಂಗ್ ಟೈಮ್’ಗೆ 4 ಗಂಟೆ ಕೊಟ್ಟರೆ ತಡವಾಗಿದೆಯೆಂಬ ಸೂಚನೆ ಕಳುಹಿಸಿದವರಿಗೆ ಹೋಗುತ್ತದೆ, ಆದರೆ ನನ್ನ ವ್ಯವಸ್ಥೆಯಲ್ಲಿ ಲಕೋಟೆಯ ವಿಳಾಸ ಸೇವಾದಾರರ ಪೆಟ್ಟಿಗೆಯದು. ಎಂದರೆ ಪತ್ರ ಹೋಗುತ್ತಿಲ್ಲ ಎಂಬ ಸೂಚನೆಯೂ ಹೋಗಲಾಗದ ಅದೇ ದಾರಿಯ ಸರದಿಯಲ್ಲಿ ಹಿಂದೆ ನಿಲ್ಲುತ್ತದೆ. ‘ನೋಟಿಫೈ ಕ್ಲಾಸಸ್’ ಪಟ್ಟಿಗೆ ‘ಡಿಲೇ’ ಸೇರಿಸಿದರೆ ತಡವಾದ ಪತ್ರದ ಹೆಡರುಗಳ ನಕಲೊಂದು ಸರ್ವರ್ ನೋಡಿಕೊಳ್ಳುವವರ ವಿಳಾಸವಾದ ಪೋಸ್ಟ್‌ಮಾಸ್ಟರ್‌ಗೂ ಹೋಗುತ್ತದೆ. ನನ್ನ ಡೊಮೇನ್, ಇಲ್ಲಿಯೇ ಪತ್ರ ತಲುಪಿಸಬೇಕಾದ ಡೊಮೇನುಗಳ ಪಟ್ಟಿಯಾದ ‘ಮೈಡೆಸ್ಟಿನೇಶನ್’ನಲ್ಲಿರುವುದರಿಂದ ಪೋಸ್ಟ್‌ಮಾಸ್ಟರ್ ಪೆಟ್ಟಿಗೆ ಇದೇ ಕಂಪ್ಯೂಟರಿನಲ್ಲಿದೆ, ಅದಕ್ಕೆ ರಿಲೇಯ ಹಂಗಿಲ್ಲ. ಹೊರಗಿನ ಕೇಬಲ್ ಕಿತ್ತು, ಒಂದು ಪತ್ರ ಬರೆದು, ಎಚ್ಚರಿಕೆಯ ಅವಧಿಯನ್ನು ತಾತ್ಕಾಲಿಕವಾಗಿ ಕೆಲವು ನಿಮಿಷಗಳಿಗೆ ಇಳಿಸಿ ಪರೀಕ್ಷಿಸಿದೆ. ಪತ್ರ ಸರದಿಯಲ್ಲೇ ಇರುವಾಗ ಸೂಚನೆ ಪೋಸ್ಟ್‌ಮಾಸ್ಟರ್ ಪೆಟ್ಟಿಗೆಗೆ ಬಂದು ಬಿತ್ತು, ಅವಧಿಯನ್ನು ಮತ್ತೆ 4 ಗಂಟೆಗೆ ಏರಿಸಿ ಕೇಬಲ್ ಸಿಕ್ಕಿಸಿದೆ.